ಹಾಳೆಯ ಲೆಕ್ಕ ಬರುತ್ತದೆ, ಮಾತಿನ ಲೆಕ್ಕ ಬರುವುದಿಲ್ಲ ಏಕೆ?

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಮನೆಯಲ್ಲಿ ಕನ್ನಡ, ಅಕ್ಕಪಕ್ಕದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಗನಿಗೆ ಐದೂವರೆ ವರ್ಷ, ಸೀನಿಯರ್ ಕೆ.ಜಿ.ಯಲ್ಲಿದ್ದಾನೆ. ನೂರರವರೆಗೆ ತಪ್ಪಿಲ್ಲದೆ ಹೇಳುತ್ತಾನೆ, ವರ್ಕ್‌ಶೀಟಿನಲ್ಲಿ 6 + 4 ಎಂದಿದ್ದರೆ 10 ಎಂದು ಬರೆಯುತ್ತಾನೆ. ಆದರೆ ‘ಡಬ್ಬಿಯಲ್ಲಿ ಆರು ಚಕ್ಕುಲಿ ಇವೆ, ಹತ್ತು ಆಗಬೇಕಾದರೆ ಇನ್ನೆಷ್ಟು ಹಾಕಬೇಕು?’ ಎಂದು ಅಜ್ಜಿ ಕೇಳಿದರೆ ‘ಹದಿನಾರು’ ಎನ್ನುತ್ತಾನೆ. ಬೆರಳು ಮಡಿಚಿ ಎಣಿಸುವ ಅಭ್ಯಾಸ ಬಿಡಿಸಿ ಎಂದು ಶಾಲೆಯಲ್ಲಿ ಹೇಳಿದ್ದಾರೆ. ಅಬ್ಯಾಕಸ್ ತರಗತಿಗೆ ಸೇರಿಸಬೇಕೇ? ಯಾವ ಭಾಷೆಯಲ್ಲಿ ಲೆಕ್ಕ ಹೇಳಿಕೊಡಬೇಕು?

ಉತ್ತರ: ನಿಮ್ಮ ಮಗ ಹೇಳಿದ ‘ಹದಿನಾರು’ ಎಂಬ ಉತ್ತರವನ್ನು ಮೊದಲು ಗಮನವಿಟ್ಟು ನೋಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ಅತ್ಯಂತ ಹೆಚ್ಚು ತಿಳಿಸುವ ಸಂಗತಿ ಅದೇ. ಆರನ್ನೂ ಹತ್ತನ್ನೂ ಕೂಡಿಸಿದರೆ ಹದಿನಾರಾಗುತ್ತದೆ; ಅಂದರೆ ಅವನಿಗೆ ಕೂಡಲು ಬರುತ್ತದೆ, ಹತ್ತನ್ನು ದಾಟಿಯೂ ಬರುತ್ತದೆ. ಅವನಿಗೆ ಹೊಳೆಯದೆ ಹೋದದ್ದು ಬೇರೆ. ಅಜ್ಜಿ ಹೇಳಿದ ಹತ್ತು ಈಗ ಡಬ್ಬಿಯಲ್ಲಿ ಇಲ್ಲ, ಅದು ಮುಂದೆ ಆಗಬೇಕಾದ ಹತ್ತು ಎಂಬುದನ್ನು ಅವನು ಮನಸ್ಸಿನಲ್ಲಿ ಕಂಡುಕೊಳ್ಳಲಿಲ್ಲ. ಎರಡು ಸಂಖ್ಯೆಗಳು ಕಿವಿಗೆ ಬಿದ್ದವು. ಎರಡು ಸಂಖ್ಯೆ ಸಿಕ್ಕಾಗ ಏನು ಮಾಡಬೇಕೆಂದು ವರ್ಕ್‌ಶೀಟು ರೂಢಿ ಮಾಡಿಸಿದೆಯೋ ಅದನ್ನೇ ಮಾಡಿದ. ಇದು ಬುದ್ಧಿಯ ಕೊರತೆಯಲ್ಲ. ಲೆಕ್ಕವೆಂದರೆ ಒಂದು ಸನ್ನಿವೇಶವನ್ನು ಅರ್ಥ ಮಾಡಿಕೊಳ್ಳುವುದು ಎಂಬ ಅನುಭವ ಅವನಿಗೆ ಇನ್ನೂ ಸಾಕಷ್ಟು ಸಿಕ್ಕಿಲ್ಲ, ಅಷ್ಟೇ. ಆದ್ದರಿಂದ ಮುಂದಿನ ಕೆಲವು ತಿಂಗಳು ಲೆಕ್ಕ ಮಾಡುವ ವಿಧಾನವನ್ನು ಹೇಳಿಕೊಡುವ ಕೆಲಸವನ್ನು ಬದಿಗಿಡಿ. ಕೈಗೆ ವಸ್ತುಗಳನ್ನು ಕೊಟ್ಟು, ಮನೆಮಾತಿನಲ್ಲಿ ಒಂದು ಪುಟ್ಟ ಸನ್ನಿವೇಶ ಹೇಳಿ, ಬಿಡಿಸುವ ದಾರಿಯನ್ನು ಅವನೇ ಹುಡುಕಿಕೊಳ್ಳಲು ಬಿಡಿ.

ಅದಕ್ಕೂ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬೇಕು. ಹುಣಸೆ ಬೀಜವನ್ನೋ ಅವರೆಕಾಳನ್ನೋ ಬಟ್ಟಲಲ್ಲಿ ಹಾಕಿ ಅವನ ಮುಂದಿಟ್ಟು, ‘ಇವನ್ನು ಎಣಿಸು’ ಎನ್ನುವ ಬದಲು ‘ಇದರಿಂದ ನನಗೆ ಎಂಟು ಕೊಡು’ ಎನ್ನಿ. ಇಪ್ಪತ್ತರವರೆಗೆ ಸರಾಗವಾಗಿ ಹೇಳುವ ಎಷ್ಟೋ ಮಕ್ಕಳು ಈ ಮಾತಿಗೆ ಒಂದು ಹಿಡಿ ತುಂಬ ತೆಗೆದು ಕೊಟ್ಟುಬಿಡುತ್ತಾರೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಅಳತೆ, ಯಾವ ವಸ್ತುವನ್ನಾದರೂ ಎಣಿಸಬಹುದು, ಎಲ್ಲಿಂದ ಆರಂಭಿಸಿದರೂ ಮೊತ್ತ ಅದೇ ಎಂಬ ಐದು ತಿಳಿವಳಿಕೆಗಳು ಕೂಡಿದಾಗ ಮಾತ್ರ ಅದು ಎಣಿಕೆ ಎಂದು ಮನೋವಿಜ್ಞಾನಿಗಳಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲೇ ವಿವರಿಸಿದ್ದಾರೆ. ನೂರರವರೆಗೆ ಬಾಯಿಪಾಠ ಹೇಳುವುದಕ್ಕೆ ಇವುಗಳಲ್ಲಿ ಎರಡನೆಯದೊಂದು ಇದ್ದರೆ ಸಾಕು. ನಿಮ್ಮ ಮಗ ಎಂಟನ್ನು ಸರಿಯಾಗಿ ಎಣಿಸಿ ಕೊಟ್ಟನೆಂದರೆ ಮುಂದೆ ಹೋಗಬಹುದು. ಕೊಡಲಿಲ್ಲವಾದರೆ ತಟ್ಟೆ ಇಡುವುದು, ಲೋಟ ಇಡುವುದು, ಎಲ್ಲರಿಗೂ ಎರಡೆರಡು ಇಡ್ಲಿ ಬಡಿಸುವುದು ಇಂಥ ಕೆಲಸಗಳಲ್ಲಿ ಕೆಲವು ವಾರ ಅವನನ್ನು ಜೊತೆಗೆ ಸೇರಿಸಿಕೊಳ್ಳಿ. ಅದಕ್ಕಿಂತ ಬೇರೆ ಪಾಠ ಆಗ ಬೇಕಿಲ್ಲ.

ಈಗ ಚಕ್ಕುಲಿಗೆ ಬರೋಣ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಸಂಗಡಿಗರು 1980ರ ದಶಕದಿಂದ ನಡೆಸಿದ ಕೆಲಸ ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಸಿದೆ. ಮಕ್ಕಳಿಗೆ ಒಂದು ಲೆಕ್ಕ ಸುಲಭವೋ ಕಷ್ಟವೋ ಎಂಬುದು ಸಂಖ್ಯೆಯ ಗಾತ್ರದಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಸನ್ನಿವೇಶದಲ್ಲಿ ಗೊತ್ತಿಲ್ಲದಿರುವುದು ಯಾವುದು ಎಂಬುದರಿಂದಲೂ ತೀರ್ಮಾನವಾಗುತ್ತದೆ ಎಂದು ಅವರು ತೋರಿಸಿದರು. ಡಬ್ಬಿಯಲ್ಲಿ ಆರು ಚಕ್ಕುಲಿ ಇದ್ದವು, ಅಜ್ಜಿ ನಾಲ್ಕು ಹಾಕಿದರು, ಈಗ ಎಷ್ಟು ಎಂದು ಕೇಳಿದರೆ ಮಗು ಆರು ಬೀಜ ಇಡುತ್ತದೆ, ನಾಲ್ಕು ಇಡುತ್ತದೆ, ಎಲ್ಲವನ್ನೂ ಎಣಿಸುತ್ತದೆ. ಆರು ಇದ್ದವು, ಅಜ್ಜಿ ಇನ್ನೂ ಕೆಲವು ಹಾಕಿದ ಮೇಲೆ ಹತ್ತಾದವು, ಎಷ್ಟು ಹಾಕಿದರು ಎಂದರೆ ಆರು ಇಟ್ಟು, ಹತ್ತಾಗುವವರೆಗೆ ಒಂದೊಂದೇ ಸೇರಿಸುತ್ತಾ ಹೋಗಿ, ಸೇರಿಸಿದ್ದನ್ನು ಮಾತ್ರ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ಮೊದಲಿನ ಆರರ ಜೊತೆ ಅವು ಬೆರೆತುಹೋದರೆ ಉತ್ತರ ಕೈ ತಪ್ಪುತ್ತದೆ. ಇನ್ನು, ಡಬ್ಬಿಯಲ್ಲಿ ಕೆಲವು ಚಕ್ಕುಲಿಗಳಿದ್ದವು, ಅಜ್ಜಿ ನಾಲ್ಕು ಹಾಕಿದಾಗ ಹತ್ತಾದವು, ಮೊದಲು ಎಷ್ಟಿದ್ದವು ಎಂದು ಕೇಳಿದರೆ ಮಗು ಕೈ ಕಟ್ಟಿ ಕೂರುತ್ತದೆ, ಏಕೆಂದರೆ ಮೊದಲು ಎಷ್ಟು ಬೀಜ ಇಡಬೇಕೆಂಬುದೇ ಅದಕ್ಕೆ ಗೊತ್ತಿಲ್ಲ. ದೊಡ್ಡವರಾದ ನಮಗೆ ಮೂರರಲ್ಲೂ ಕಾಣುವುದು ಆರು, ನಾಲ್ಕು, ಹತ್ತು. ಮಗುವಿಗೆ ಇವು ಮೂರು ಬೇರೆ ಬೇರೆ ಲೆಕ್ಕಗಳು. ನಿಮ್ಮ ಮನೆಯಲ್ಲಿ ಅಜ್ಜಿ ಕೇಳಿದ್ದು ಎರಡನೆಯ ಬಗೆಯದು, ವರ್ಕ್‌ಶೀಟು ಕೇಳುವುದು ಬಹುಮಟ್ಟಿಗೆ ಮೊದಲನೆಯ ಬಗೆಯದು.

ಹೋಲಿಕೆಯ ಲೆಕ್ಕಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. 1983ರಲ್ಲಿ ಹಡ್ಸನ್ ಎಂಬ ಸಂಶೋಧಕರು ಮಕ್ಕಳಿಗೆ ಹಕ್ಕಿಗಳೂ ಹುಳುಗಳೂ ಇರುವ ಚಿತ್ರಗಳನ್ನು ತೋರಿಸಿ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದಾಗ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಸರಿಯಾಗಿ ಉತ್ತರಿಸಿದವರು ಶೇ. 25ರಷ್ಟು. ಅದೇ ಚಿತ್ರ ತೋರಿಸಿ, ಹಕ್ಕಿಗಳೆಲ್ಲ ಹಾರಿ ಬಂದು ಒಂದೊಂದು ಹುಳು ಹಿಡಿಯಲು ಹೋದರೆ ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ ಎಂದು ಕೇಳಿದಾಗ ಶೇ. 96ರಷ್ಟು ಮಕ್ಕಳು ಸರಿಯಾದ ಉತ್ತರ ಕೊಟ್ಟರು. ಎರಡನೆಯ ಪ್ರಶ್ನೆಯಲ್ಲಿ ಮಗು ಮಾಡಬಹುದಾದ ಒಂದು ಕೆಲಸವಿದೆ, ಜೋಡಿ ಮಾಡಿ ಉಳಿದದ್ದನ್ನು ನೋಡುವ ಕೆಲಸ. ನಿಮ್ಮೂರಿನ ಪ್ಲಾಟ್‌ಫಾರ್ಮಿನಲ್ಲಿ ಹನ್ನೆರಡು ಡಬ್ಬಿಯ ಗಾಡಿಯೂ ಹದಿನೈದು ಡಬ್ಬಿಯ ಗಾಡಿಯೂ ಬರುತ್ತವೆ, ಇಂಡಿಕೇಟರಿನಲ್ಲಿ ಆ ಸಂಖ್ಯೆ ಕಾಣುತ್ತದೆ. ಯಾವುದು ಉದ್ದ, ಎಷ್ಟು ಡಬ್ಬಿ ಹೆಚ್ಚು ಎಂದು ಬರಿದೇ ಕೇಳುವುದಕ್ಕಿಂತ, ಮನೆಯಲ್ಲಿ ಬೆಂಕಿಪೊಟ್ಟಣಗಳನ್ನು ಎರಡು ಸಾಲಾಗಿ ಜೋಡಿಸಿ, ಚಿಕ್ಕ ಗಾಡಿಯ ಒಂದೊಂದು ಡಬ್ಬಿಯ ಎದುರಿಗೂ ದೊಡ್ಡ ಗಾಡಿಯ ಒಂದೊಂದು ಡಬ್ಬಿ ನಿಂತ ಮೇಲೆ ಜೊತೆಯಿಲ್ಲದೆ ಉಳಿದವು ಎಷ್ಟು ಎಂದು ಕೇಳಿ. ‘ಎಷ್ಟು ಹೆಚ್ಚು’ ಎಂಬ ಮಾತನ್ನು ಆಮೇಲೆ ಅದಕ್ಕೆ ಅಂಟಿಸಿದರೆ ಸಾಕು.

ಗುಣಾಕಾರ, ಭಾಗಾಕಾರಗಳಿಗೆ ಮಗ್ಗಿ ಬರುವವರೆಗೆ ಕಾಯಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಾರ್ಪೆಂಟರ್ ಅವರ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವಿಡೀ ಇಂಥ ಲೆಕ್ಕಗಳನ್ನು ಬಿಡಿಸುತ್ತಾ ಬಂದಿದ್ದ 70 ಕಿಂಡರ್‌ಗಾರ್ಟನ್ ಮಕ್ಕಳಿಗೆ ಒಂಬತ್ತು ಲೆಕ್ಕಗಳನ್ನು ಕೊಟ್ಟರು. ಅವುಗಳಲ್ಲಿ ಗುಣಾಕಾರ, ಭಾಗಾಕಾರದ ಸನ್ನಿವೇಶಗಳೂ ಇದ್ದವು, ಏಳು ಸೀಟುಗಳ ಬಸ್ಸಿನಲ್ಲಿ ಹತ್ತೊಂಬತ್ತು ಮಕ್ಕಳು ಸೀಟಿಗೆ ಇಬ್ಬರು ಅಥವಾ ಮೂವರಂತೆ ಕುಳಿತರೆ ಎಷ್ಟು ಮಕ್ಕಳು ಮೂವರ ಸೀಟಿನಲ್ಲಿ ಕೂರಬೇಕು ಎಂಬ ತೊಡಕಿನ ಲೆಕ್ಕವೂ ಇತ್ತು. 32 ಮಕ್ಕಳು ಒಂಬತ್ತಕ್ಕೂ ಸರಿಯಾದ ದಾರಿ ಹಿಡಿದರು. ಅದಕ್ಕೆ ಮಗ್ಗಿ ಬೇಕಾಗಿರಲಿಲ್ಲ. ಸನ್ನಿವೇಶದಲ್ಲಿ ನಡೆಯುವುದನ್ನು ವಸ್ತುಗಳಿಂದ ಹಾಗೆಯೇ ನಡೆಸಿ ತೋರಿಸಿದರು. ಠಾಣೆಯ ಒಂದು ಬಾಲವಾಡಿಯಲ್ಲಿ ನಾನು ಮಕ್ಕಳಿಗೆ, ಹನ್ನೊಂದು ಜನ ಸ್ಟೇಷನ್ನಿಗೆ ಹೋಗಬೇಕು, ಶೇರ್ ರಿಕ್ಷಾದಲ್ಲಿ ಮೂವರಂತೆ ಕೂತರೆ ಎಷ್ಟು ರಿಕ್ಷಾ ಬೇಕು ಎಂದು ಕೇಳಿದ್ದೆ. ಒಬ್ಬ ಹುಡುಗಿ ಹನ್ನೊಂದು ಕವಡೆ ಎಣಿಸಿಟ್ಟು ಮೂರು ಮೂರಾಗಿ ಗುಂಪು ಮಾಡಿದಳು. ಎರಡು ಕವಡೆ ಉಳಿದವು. ಸ್ವಲ್ಪ ಹೊತ್ತು ಅವನ್ನೇ ನೋಡಿ, ಅವೆರಡನ್ನೂ ಒಟ್ಟಿಗೆ ತಳ್ಳಿ, ‘ನಾಲ್ಕು ರಿಕ್ಷಾ, ಕೊನೇದು ಇನ್ನೊಬ್ಬರು ಬರೋ ತನಕ ನಿಂತಿರುತ್ತೆ’ ಎಂದಳು. ಶೇಷವೆಂಬ ಕಲ್ಪನೆಯನ್ನು ನಾಲ್ಕನೆಯ ತರಗತಿಯ ಎಷ್ಟೋ ಮಕ್ಕಳು ‘ಮೂರು, ಉಳಿದದ್ದು ಎರಡು’ ಎಂದು ಬರೆದು ಮುಗಿಸುತ್ತಾರೆ. ಉಳಿದ ಇಬ್ಬರೂ ಸ್ಟೇಷನ್ನಿಗೆ ಹೋಗಬೇಕಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ಈ ಹುಡುಗಿಗೆ ಹೊಳೆಯಿತು, ಏಕೆಂದರೆ ಅವಳ ಮುಂದೆ ಇದ್ದದ್ದು ಜನ ಮತ್ತು ರಿಕ್ಷಾ.

ಮಕ್ಕಳು ಈ ಹಂತದಲ್ಲೇ ನಿಂತುಬಿಡುವುದಿಲ್ಲವೇ ಎಂಬ ಅಂಜಿಕೆ ಸಹಜ. ನಿಲ್ಲುವುದಿಲ್ಲ. ಆರು ಬೀಜ, ನಾಲ್ಕು ಬೀಜ ಇಟ್ಟು ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದ ಮಗು ಒಂದು ದಿನ, ಆರು ಇರುವುದು ಗೊತ್ತೇ ಇದೆಯಲ್ಲ ಎಂದು ಅದನ್ನು ಎಣಿಸದೆ ‘ಏಳು, ಎಂಟು, ಒಂಬತ್ತು, ಹತ್ತು’ ಎಂದು ಮುಂದುವರಿಸುತ್ತದೆ. ಮತ್ತೆ ಕೆಲವು ಕಾಲದ ಮೇಲೆ ಐದೂ ಐದೂ ಹತ್ತು, ಆದ್ದರಿಂದ ಆರೂ ನಾಲ್ಕೂ ಹತ್ತೇ ಎಂದು ತನಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಹೊರಡಿಸುತ್ತದೆ. ಈ ಸಾಗುವಿಕೆ ಒಳಗಿನಿಂದ ಆಗಬೇಕು. ‘ದೊಡ್ಡ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಎಣಿಸು’ ಎಂದು ಮೊದಲೇ ಹೇಳಿಕೊಟ್ಟ ಮಕ್ಕಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಆರಕ್ಕೆ ಮೂರು ಸೇರಿಸುವಾಗ ‘ಆರು, ಏಳು, ಎಂಟು’ ಎಂದು ಮೂರು ಬೆರಳು ಮಡಿಚಿ, ಎಂಟು ಎನ್ನುತ್ತಾರೆ. ಇದನ್ನು ಸರಿಪಡಿಸಲು ಲೋಕಲ್ ಗಾಡಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಡೊಂಬಿವಲಿಯಲ್ಲಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತಿದರೆ ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಠಾಣೆ ಎಷ್ಟನೆಯ ನಿಲ್ದಾಣ ಎಂದು ಕೇಳಿ. ಡೊಂಬಿವಲಿಯನ್ನೂ ಸೇರಿಸಿ ಅವನು ಆರು ಎನ್ನಬಹುದು. ತಿದ್ದಬೇಡಿ, ಮುಂದಿನ ಸಲ ಗಾಡಿಯಲ್ಲಿ ಕೂತಾಗ, ಗಾಡಿ ಹೊರಟು ನಿಂತಾಗಲೆಲ್ಲ ಒಂದು ಬೆರಳು ಮಡಿಚು ಎನ್ನಿ. ಹತ್ತಿದ ಜಾಗಕ್ಕೆ ಬೆರಳಿಲ್ಲ, ಸಾಗಿ ತಲುಪಿದ ಜಾಗಕ್ಕೆ ಮಾತ್ರ ಬೆರಳು ಎಂಬುದು ಅವನಿಗೇ ತಿಳಿಯುತ್ತದೆ. ಆರರಿಂದ ಮೂರು ಮುಂದೆ ಹೋಗುವುದೆಂದರೂ ಅದೇ.

ಇದರಿಂದ ಬೆರಳಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ಬಿಡಿಸಬೇಡಿ. ಬೆರಳು ಮಗುವಿನ ಜೊತೆ ಸದಾ ಇರುವ ಎಣಿಕೆಯ ವಸ್ತು, ಅದರಲ್ಲಿ ಐದು ಮತ್ತು ಹತ್ತರ ಜೋಡಣೆ ತಾನಾಗಿಯೇ ಇದೆ. ಒಂದು ಕೈ ಪೂರ್ತಿ, ಇನ್ನೊಂದು ಕೈಯ ಎರಡು ಬೆರಳು ಎಂದರೆ ಏಳು ಎಂದು ಎಣಿಸದೆಯೇ ಗುರುತಿಸುವ ಮಗು, ಹತ್ತಕ್ಕೆ ಮೂರು ಕಡಿಮೆ ಎಂಬುದನ್ನೂ ಮಡಿಚಿದ ಬೆರಳಿನಲ್ಲೇ ನೋಡುತ್ತದೆ. ಮುಂದೆ ಎಂಟಕ್ಕೆ ಐದು ಸೇರಿಸುವಾಗ ಎರಡನ್ನು ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸಿ ಹದಿಮೂರು ಎನ್ನುವ ಉಪಾಯಕ್ಕೆ ಬುನಾದಿ ಇದೇ. ಬೆರಳನ್ನು ಬೈದು ಬಿಡಿಸಿದರೆ ಮಗು ಅದನ್ನು ಮೇಜಿನ ಕೆಳಗೆ ಬಚ್ಚಿಟ್ಟು ಎಣಿಸುತ್ತದೆ. ಆಗ ಅದು ಹೇಗೆ ಎಣಿಸುತ್ತಿದೆ ಎಂಬುದು ಶಿಕ್ಷಕಿಗೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ.

ಇನ್ನೊಂದು ಎಚ್ಚರಿಕೆ. ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದದ್ದು’ ಎಂದಿದ್ದರೆ ಕಳೆ ಎಂಬ ಗುರುತಿನ ಪದಗಳ ಸೂತ್ರವನ್ನು ಟ್ಯೂಷನ್ನುಗಳಲ್ಲಿ ಹೇಳಿಕೊಡುತ್ತಾರೆ. ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ‘ಒಟ್ಟು ಹತ್ತು ಚಕ್ಕುಲಿ, ಆರು ದೊಡ್ಡವು, ಚಿಕ್ಕವು ಎಷ್ಟು?’ ಎಂಬ ಒಂದೇ ಲೆಕ್ಕ ಆ ಸೂತ್ರವನ್ನು ಸುಳ್ಳು ಮಾಡುತ್ತದೆ. ಸೂತ್ರಕ್ಕಿಂತ ದೊಡ್ಡ ಹಾನಿಯೆಂದರೆ ಮಗು ಸನ್ನಿವೇಶವನ್ನು ಓದುವುದನ್ನೇ ನಿಲ್ಲಿಸುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರ ಸುಮಾರಿಗೆ ಕೆಳ ತರಗತಿಗಳ 97 ಮಕ್ಕಳಿಗೆ, ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು ಎಂದು ಕೇಳಿದಾಗ 76 ಮಕ್ಕಳು ಆ ಸಂಖ್ಯೆಗಳನ್ನೇ ಬಳಸಿ ವಯಸ್ಸು ಹೇಳಿದರು. ಅವರೂ ನಿಮ್ಮ ಮಗನ ಹದಿನಾರಿನ ದಾರಿಯಲ್ಲೇ ನಡೆದವರು. ಐದೂವರೆ ವರ್ಷಕ್ಕೇ ಅದು ನಿಮ್ಮ ಗಮನಕ್ಕೆ ಬಂದದ್ದು ಒಳ್ಳೆಯದಾಯಿತು.

ಭಾಷೆಯ ವಿಚಾರ ಮುಂಬಯಿಯ ಕನ್ನಡ ಮನೆಗಳಲ್ಲಿ ನಿಜವಾಗಿಯೂ ತೂಕವುಳ್ಳದ್ದು. ಕನ್ನಡದ ಸಂಖ್ಯೆಗಳು ಹತ್ತುಗಳನ್ನು ಮೊದಲು, ಬಿಡಿಯನ್ನು ಆಮೇಲೆ ಹೇಳುತ್ತವೆ: ಇಪ್ಪತ್ತೈದು, ಮೂವತ್ತೊಂಬತ್ತು. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಬಿಡಿ ಮುಂದೆ ಬರುತ್ತದೆ. ಪಂಚವೀಸ್ (25) ಎಂದು ಕೇಳಿದ ಮಗುವಿಗೆ ಮೊದಲು ಕಿವಿಗೆ ಬೀಳುವುದು ಐದು, ಆದ್ದರಿಂದ 52 ಎಂದು ಬರೆದುಬಿಡುವುದುಂಟು. ಇಪ್ಪತ್ತೊಂಬತ್ತಕ್ಕೆ ಅಲ್ಲಿ ಏಕೋಣತೀಸ್, ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ಏಕವೀಸ್ (21) ಎಂಬುದನ್ನು ‘ವೀಸ್ ಏಕ್’ ಎಂದು ಓದುವ ಕ್ರಮವನ್ನು ತಂದಾಗ ರಾಜ್ಯದಲ್ಲಿ ಎದ್ದ ದೊಡ್ಡ ಚರ್ಚೆ ನಿಮಗೂ ನೆನಪಿರಬಹುದು. ಗಣಿತಜ್ಞೆ ಮಂಗಳಾ ನಾರಳೀಕರ್ ಅವರ ನೇತೃತ್ವದ ಸಮಿತಿ ಅದಕ್ಕೆ ಕೈ ಹಾಕಿದ್ದು ಈ ತೊಡಕನ್ನು ಕಂಡೇ. ಇಂಗ್ಲಿಷಿನ ಥರ್ಟೀನ್, ಫೋರ್ಟೀನ್‌ಗಳಲ್ಲೂ ಬಿಡಿಯೇ ಮುಂದು, ಮತ್ತು ಥರ್ಟೀನ್, ಥರ್ಟಿಗಳ ಉಚ್ಚಾರ ಪುಟ್ಟ ಕಿವಿಗೆ ಒಂದೇ. ಹೀಗಿರುವಾಗ ಇಪ್ಪತ್ತರ ಮೇಲಿನ ಸಂಖ್ಯೆಗಳಲ್ಲಿ ಹತ್ತು ಎಷ್ಟು, ಬಿಡಿ ಎಷ್ಟು ಎಂಬುದನ್ನು ಕನ್ನಡದಲ್ಲೇ ಮೊದಲು ಗಟ್ಟಿ ಮಾಡುವುದು ನಿಮ್ಮ ಮಗನಿಗೆ ಅನುಕೂಲ. ಸನ್ನಿವೇಶಗಳನ್ನಂತೂ ಮನೆಮಾತಿನಲ್ಲೇ ಹೇಳಿ. ಅವನು ‘ಸಿಕ್ಸ್ ಚಕ್ಕುಲಿ ಇದೆ, ಫೋರ್ ಬೇಕು’ ಎಂದು ಬೆರೆಸಿ ಹೇಳಿದರೆ ತಡೆಯಬೇಡಿ. ಯೋಚನೆ ಸರಿಯಾಗಿದ್ದರೆ ಸಂಖ್ಯೆಯ ಹೆಸರು ಯಾವ ಭಾಷೆಯದಾದರೂ ನಡೆಯುತ್ತದೆ.

ಅಬ್ಯಾಕಸ್ ತರಗತಿಗೆ ಈಗ ಸೇರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಅಭ್ಯಾಸವಾಗುವುದು ಕೊಟ್ಟ ಸಂಖ್ಯೆಗಳನ್ನು ವೇಗವಾಗಿ ಕೂಡಿ ಕಳೆಯುವುದು. ನಿಮ್ಮ ಮಗನಿಗೆ ಕೂಡಲು ಬರುತ್ತದೆ; ಯಾವಾಗ ಕೂಡಬೇಕು ಎಂಬುದು ಬರಬೇಕು. ಆ ಹಣದಲ್ಲಿ ಒಂದು ಚೆನ್ನೆಮಣೆ ತರಿಸಿಕೊಳ್ಳಿ, ಊರಿನ ಮನೆಯ ಅಟ್ಟದಲ್ಲಿ ಹಳೆಯದು ಇದ್ದರೆ ಇನ್ನೂ ಒಳ್ಳೆಯದು. ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕು ಕಾಯಿ ತುಂಬುವುದು, ಒಂದೊಂದು ಗುಳಿಗೆ ಒಂದೊಂದರಂತೆ ಹಂಚುತ್ತಾ ಹೋಗುವುದು, ಈ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಊಹಿಸುವುದು, ಇವೆಲ್ಲವೂ ಲೆಕ್ಕವೇ, ಮತ್ತು ಅಜ್ಜಿ ಜೊತೆಗೆ ಕೂರುತ್ತಾರೆ. ಹಾವು ಏಣಿಯಾಟವೂ ಆಗಬಹುದು. ಒಂದರಿಂದ ಹತ್ತರವರೆಗೆ ಸಾಲಾಗಿ ಮನೆಗಳಿರುವ ಪಟದ ಆಟವನ್ನು ಕೆಲವೇ ಸಲ ಆಡಿದ ಶಾಲಾಪೂರ್ವ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿದ್ದನ್ನು ರಮಣಿ ಮತ್ತು ಸೀಗ್ಲರ್ 2008ರಲ್ಲಿ ವರದಿ ಮಾಡಿದ್ದಾರೆ. ಕಾಯಿ ನಡೆಸುವಾಗ ‘ಒಂದು, ಎರಡು’ ಎಂದು ಹೆಜ್ಜೆ ಎಣಿಸುವ ಬದಲು ಮನೆಯ ಸಂಖ್ಯೆಯನ್ನೇ, ‘ಏಳು, ಎಂಟು’ ಎಂದು ಹೇಳುತ್ತಾ ನಡೆಸಿದರೆ ಪ್ರಯೋಜನ ಹೆಚ್ಚು.

ಲೆಕ್ಕ ಕೇಳಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದು ಲೆಕ್ಕಕ್ಕಿಂತ ಮುಖ್ಯ. ದಿನಕ್ಕೆ ಒಂದು ಸಾಕು. ಹೇಳಿ ಮುಗಿಸಿದ ಮೇಲೆ ಸುಮ್ಮನಿರಿ. ಅವನು ಸುಮ್ಮನಿದ್ದಾನೆಂದರೆ ಯೋಚಿಸುತ್ತಿದ್ದಾನೆ ಎಂದು ತಿಳಿಯಿರಿ. ತೊಡಕಿಕೊಂಡರೆ ದಾರಿ ಹೇಳಬೇಡಿ, ಕತೆಯನ್ನು ಮತ್ತೆ ಅವನಿಂದಲೇ ಹೇಳಿಸಿ: ಡಬ್ಬಿಯಲ್ಲಿ ಈಗ ಎಷ್ಟಿದೆ? ಹತ್ತು ಈಗಲೇ ಇದೆಯೇ, ಆಗಬೇಕೇ? ಬೀಜಗಳಲ್ಲಿ ತೋರಿಸು ನೋಡೋಣ. ಎಷ್ಟೋ ಸಲ ಇಷ್ಟರಿಂದಲೇ ಉತ್ತರ ತಾನಾಗಿ ಬರುತ್ತದೆ. ಬಂದ ಉತ್ತರ ಸರಿಯಿರಲಿ, ತಪ್ಪಿರಲಿ, ‘ಹೇಗೆ ಗೊತ್ತಾಯಿತು?’ ಎಂದು ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ, ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಮಗು ಉತ್ತರ ಬದಲಿಸಲು ಕಲಿಯುತ್ತದೆ. ಹತ್ತು ಸುಲಭವಾದ ಮೇಲೆ ಅದೇ ಕತೆಯಲ್ಲಿ ಹದಿಮೂರು, ಹದಿನೆಂಟು ಇಡಿ. ಕೂಡುವ, ಕಳೆಯುವ ಗುರುತುಗಳನ್ನು, ಅವನು ಮಾಡಿ ಮುಗಿಸಿದ್ದನ್ನು ಬರೆದಿಡುವ ರೀತಿಯಾಗಿ ಪರಿಚಯಿಸಿ; 6 + 4 = 10 ಎಂದು ಬರೆದು, ಇದರಲ್ಲಿ ಅಜ್ಜಿ ಹಾಕಿದ ಚಕ್ಕುಲಿ ಯಾವುದು ಎಂದು ಬೆರಳಿಟ್ಟು ತೋರಿಸಲು ಹೇಳಿ.

ಒಂದನೆಯ ತರಗತಿ ಮುಗಿಯುತ್ತಾ ಬಂದರೂ ಹತ್ತರೊಳಗಿನ ವಸ್ತುಗಳನ್ನು ಎಣಿಸಿ ಕೊಡುವುದು ಕಷ್ಟವಾಗುತ್ತಿದ್ದರೆ, ಅಥವಾ ಎರಡು ಗುಂಪುಗಳಲ್ಲಿ ಯಾವುದು ಹೆಚ್ಚು ಎಂದು ನೋಡಿದೊಡನೆ ಹೇಳಲಾಗದಿದ್ದರೆ ಮಕ್ಕಳ ಕಲಿಕೆಯ ತಜ್ಞರೊಬ್ಬರಿಗೆ ತೋರಿಸುವುದು ಒಳ್ಳೆಯದು. ನೀವು ಬರೆದಿರುವುದರಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ.

ಶಾಲೆಯ ಶಿಕ್ಷಕಿಯ ಜೊತೆ ಮಾತನಾಡುವಾಗ ಬೆರಳಿನ ವಿಷಯದಲ್ಲಿ ವಾದಕ್ಕಿಳಿಯಬೇಡಿ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟ, ವಸ್ತುಗಳು ಮತ್ತು ಮನೆಮಾತಿನ ಮೂಲಕ ಕಲಿಕೆಯನ್ನೇ ಒತ್ತಿ ಹೇಳುತ್ತದೆ, 2021ರ ಜುಲೈಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ ಭಾರತ ಕಾರ್ಯಕ್ರಮದ ಗುರಿಯೂ ಮೂರನೆಯ ತರಗತಿಯ ಹೊತ್ತಿಗೆ ಅರ್ಥಸಹಿತ ಸಂಖ್ಯಾಜ್ಞಾನ. ಆದ್ದರಿಂದ ನಿಮ್ಮ ಕೋರಿಕೆ ಅವರಿಗೆ ಹೊಸದಾಗಿ ಕೇಳಿಸಲಾರದು. ವಾರಕ್ಕೊಂದು ವರ್ಕ್‌ಶೀಟಿನ ಬದಲು ಒಂದೇ ಒಂದು ಬಾಯಿಮಾತಿನ ಲೆಕ್ಕವನ್ನು ಮನೆಗೆ ಕೊಡಬಹುದೇ, ಮಗು ಅದನ್ನು ಬಿಡಿಸಿದ ರೀತಿಯನ್ನು ಚಿತ್ರವಾಗಿ ಬರೆದು ತಂದರೆ ನೋಡಬಹುದೇ ಎಂದು ಕೇಳಿ. ಮೊದಲ ಲೆಕ್ಕವಾಗಿ ಚಕ್ಕುಲಿಯದನ್ನೇ, ಆರರ ಬದಲು ಏಳು ಇಟ್ಟು, ನೀವೇ ಒಂದು ಚೀಟಿಯಲ್ಲಿ ಬರೆದು ಕೊಡಬಹುದು.